ಬೋರಲು ಮಲಗಿದ ಅತ್ತೆ, ಹಾಲು ಕುಡಿಯುವ ಪ್ರಭು

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ, ನನ್ನ ಮನೆಯ ಎದುರು ಬಾಗಿಲಿನಲ್ಲಿ ವಾಸವಾಗಿರುವ ಗೃಹಸ್ಥರಿಗೆ ತಂದೆತಾಯಿ ಇಟ್ಟ ಹೆಸರು ಒಂದು ಇದ್ದೇ ಇರಬೇಕು. ಆದರೆ ಅವರ ಅತ್ತೆ ಬಂದು ಸೇರಿದ ದಿನದಿಂದ ಇಡೀ ಕಟ್ಟಡ ಅವರನ್ನು 'ಅಳಿಯಂದ್ರು' ಎಂದೇ ಕರೆಯುತ್ತದೆ. ಅತ್ತೆಯ ಕಂಠ ಅಂಥದ್ದು. ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ಅವರು "ಅಳಿಯಂದ್ರೇ!" ಎಂದು ಕೂಗಿದರೆ ಮೂರನೇ ಮಹಡಿಯ ವಕೀಲರು ಕೂಡ ಒಮ್ಮೊಮ್ಮೆ "ಬಂದೆ" ಎಂದುಬಿಡುತ್ತಿದ್ದರು. ಅವರೂ ಯಾರಿಗೋ ಅಳಿಯನೇ ತಾನೆ.

ಅಳಿಯಂದ್ರು ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾರೆ. ಹಾಲಿಗೆ ನೀರು ಬೆರೆತಿದ್ದರೆ ಮೂಸಿ ನೋಡಿಯೇ ಹೇಳಬಲ್ಲರು. ಆ ಒಂದು ವಿಷಯ ಬಿಟ್ಟರೆ ಉಳಿದೆಲ್ಲದರಲ್ಲಿ ಮನುಷ್ಯ ಸ್ವಲ್ಪ ಗಲಿಬಿಲಿ. ಅವರ ಹೆಂಡತಿ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆಂದು ಮೈಕಿನಲ್ಲಿ ಹೇಳುವವರು. ಸ್ವಂತ ಹೆಂಡತಿ ಮೈಕಿನಲ್ಲಿ ಹೇಳಿದ್ದನ್ನು ಗಮನವಿಟ್ಟು ಕೇಳಿ, ಆಮೇಲೆ ಬೇರೆ ಬಸ್ಸು ಹತ್ತಿ ಹೋದ ಗಂಡಸನ್ನು ನಾನು ಕಂಡದ್ದು ಇವರೊಬ್ಬರನ್ನೇ.

ಇಂಥ ಅಳಿಯಂದ್ರಿಗೆ ಒಂದು ಗುಟ್ಟಿತ್ತು. ಅವರಿಗೆ ರಕ್ತ ಕಂಡರಾಗದು. ಕಾಣುವುದಂತೂ ಇರಲಿ, ಆ ಶಬ್ದ ಕಿವಿಗೆ ಬಿದ್ದರೂ ಸಾಕು, ಮುಖ ಬಿಳಿಚಿಕೊಂಡು, ಕಿವಿ ಗುಂಯ್ ಎಂದು, ಮೈಯೆಲ್ಲ ಬೆವೆತು ಕುಸಿದುಬಿಡುತ್ತಿದ್ದರು. ಡೇರಿಯಲ್ಲಿ ರಕ್ತದಾನ ಶಿಬಿರ ನಡೆದಾಗ ಇವರು ಶಿಬಿರದ ಒಳಗೆ ಕಾಲಿಡಲಿಲ್ಲ. ಗೇಟಿನಲ್ಲಿ ಕಟ್ಟಿದ್ದ ಬ್ಯಾನರ್ ಓದಿಯೇ ಬಿದ್ದರು. ಈ ಗುಟ್ಟು ಹೆಂಡತಿಗೆ ಗೊತ್ತು, ನನಗೆ ಗೊತ್ತು. ಅತ್ತೆಗೆ ಮಾತ್ರ ಗೊತ್ತಾಗಬಾರದು. ರಕ್ತದ ನಡುವೆಯೇ ಬದುಕು ಸವೆಸಿದ ಹೆಂಗಸು ತನ್ನ ಬಗ್ಗೆ ಏನೆಂದುಕೊಂಡಾರು ಎಂಬ ಭಯ.

ಹೀಗಿರುವಾಗ ಅತ್ತೆಯ ಕಣ್ಣಿಗೆ ಕುತ್ತು ಬಂತು. ಒಂದು ಕಣ್ಣು ಎಂದೋ ಕೈಕೊಟ್ಟಿತ್ತು. ಇದ್ದ ಇನ್ನೊಂದರಲ್ಲಿ ಒಳಗಿನ ಪರದೆ ಬಿಟ್ಟುಕೊಂಡಿತು. ಡಾಕ್ಟರು ಆಪರೇಷನ್ ಮಾಡಿ ಪರದೆಯನ್ನು ಅಂಟಿಸಿ, ಕಣ್ಣಿನೊಳಗೆ ಒಂದು ಗಾಳಿಗುಳ್ಳೆ ಬಿಟ್ಟರು. ಆ ಗುಳ್ಳೆ ಮೇಲಕ್ಕೆ ತೇಲಿ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಮುಖ ಸದಾ ಕೆಳಗಿರಬೇಕಂತೆ.

"ಎರಡು ವಾರ ಬೋರಲು ಮಲಗಬೇಕು. ಊಟಕ್ಕೆ ಎದ್ದರೂ ಮುಖ ನೆಲದ ಕಡೆಗೇ ಇರಬೇಕು. ಓದೋದು, ಟಿವಿ, ಯಾವುದೂ ಇಲ್ಲ," ಎಂದರು ಡಾಕ್ಟರು. "ತಲೆ ಎತ್ತಿ ಗುಳ್ಳೆ ಜಾರಿತು ಅಂದ್ರೆ ಇರೋ ಕಣ್ಣೂ ಹೋಯ್ತು ಅಂತಲೇ ತಿಳ್ಕೊಳ್ಳಿ. ಇನ್ನೊಂದು ಸಲ ಅಂಟಿಸೋಕೆ ಆಗಲ್ಲ."

"ಎರಡು ವಾರ ನೆಲ ನೋಡ್ಕೊಂಡು ಮಲಗಿದ್ರೆ ನನಗೆ ಹುಚ್ಚು ಹಿಡಿಯುತ್ತೆ ಡಾಕ್ಟ್ರೇ," ಎಂದರು ಅತ್ತೆ. "ನಾನು ಹತ್ತು ನಿಮಿಷ ಸುಮ್ಮನಿದ್ದವಳಲ್ಲ."

ಆಗ ಅಳಿಯಂದ್ರು ಎದೆಯುಬ್ಬಿಸಿ ಮುಂದೆ ಬಂದರು. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಕೆಲವರ ಜಾತಕದಲ್ಲಿ ಬರೆದಿರುವುದಿಲ್ಲ.

"ನಾನಿಲ್ವಾ ಅತ್ತೆ? ದಿನಾ ಸಂಜೆ ಪುಸ್ತಕ ಓದಿ ಹೇಳ್ತೀನಿ. ನನಗೆ ಪುಸ್ತಕ ಅಂದ್ರೆ ಪ್ರಾಣ. ಕಾಲೇಜಲ್ಲಿ ನನ್ನ ಓದಿಗೆ ಬಹುಮಾನ ಕೊಟ್ಟಿದ್ರು!"

ಬಹುಮಾನ ಕೊಟ್ಟದ್ದು ಗೋಣಿಚೀಲದ ಓಟಕ್ಕೆ ಎಂದು ಅವರ ಹೆಂಡತಿ ನನಗೆ ಆಮೇಲೆ ಹೇಳಿದರು. ಅದರಲ್ಲೂ ಎರಡನೆಯ ಬಹುಮಾನ.

"ಹಾಗಾದ್ರೆ ಮಲಗ್ತೀನಿ," ಎಂದರು ಅತ್ತೆ. "ಆದರೆ ನಾನು ಹೇಳಿದ ಪುಸ್ತಕವೇ ಆಗಬೇಕು. ಪೂರ್ತಿ ಆಗಬೇಕು. ನೀವು ಎಲ್ಲಿ ನಿಲ್ಲಿಸ್ತೀರೋ ಅಲ್ಲಿಗೆ ನಾನು ಎದ್ದು ಕೂತು ನಾನೇ ಓದ್ಕೊಳ್ತೀನಿ. ಕಣ್ಣು ಹೋದರೆ ಹೋಗಲಿ."

"ಆಗಲಿ ಅತ್ತೆ!" ಎಂದರು ಅಳಿಯಂದ್ರು. ಯಾವ ಪುಸ್ತಕ ಎಂದು ಕೇಳಲಿಲ್ಲ.

ಪುಸ್ತಕ ಸಂಜೆಗೆ ಅತ್ತೆಯ ಟ್ರಂಕಿನಿಂದ ಹೊರಬಂತು. ಇಟ್ಟಿಗೆಯಷ್ಟು ದಪ್ಪ, ಕಪ್ಪು ರಟ್ಟು. ನಿವೃತ್ತಿಯ ದಿನ ಥಿಯೇಟರಿನ ಸಹೋದ್ಯೋಗಿಗಳು ಸೇರಿ ಕೊಟ್ಟ ಉಡುಗೊರೆ. ಇಂಥ ಹಳೆಯ ಕಾದಂಬರಿಗಳ ರೀತಿ ಓದುಗರಿಗೆ ತಿಳಿದದ್ದೇ: ಬೆಟ್ಟದ ನೆತ್ತಿಯ ಮೇಲೊಂದು ಪಾಳು ಕೋಟೆ, ಅದರಲ್ಲಿ ನೂರಾರು ವರ್ಷದಿಂದ ಸಾಯದೆ ಉಳಿದ ಒಬ್ಬ ಪ್ರಭು, ಹಗಲೆಲ್ಲ ಶವಪೆಟ್ಟಿಗೆಯಲ್ಲಿ ಮಲಗಿದ್ದು, ಕತ್ತಲಾದ ಮೇಲೆ ಎದ್ದು ಮನುಷ್ಯರ ರಕ್ತ ಹೀರುವುದು ಅವನ ದಿನಚರಿ. ಊರಿನಲ್ಲಿ ಸಾವಿರ ಪುಸ್ತಕಗಳಿರುವಾಗ ಅಳಿಯಂದ್ರ ಪಾಲಿಗೆ ಬಂದದ್ದು ಇದು.

ಮಂಚದ ತಲೆಯ ಕಡೆ ಕುರ್ಚಿ ಹಾಕಿಕೊಂಡು ಕೂತು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಕೋಟೆಯ ವರ್ಣನೆ ಚೆನ್ನಾಗಿಯೇ ಬಂತು. ಬಾಗಿಲು ಕಿರುಗುಟ್ಟಿತು. ಪ್ರಭು ದೀಪ ಹಿಡಿದು ಎದುರಿಗೆ ಬಂದ.

"ಅವನ ತುಟಿಯಂಚಿನಲ್ಲಿ ಹಸಿ..."

ಅಳಿಯಂದ್ರ ಸ್ವರ ನಿಂತಿತು. ಹಣೆಯಲ್ಲಿ ಬೆವರು.

"ಹಸಿ ಏನು?" ಎಂದು ದಿಂಬಿನೊಳಗಿಂದ ಪ್ರಶ್ನೆ ಬಂತು.

"ಹಸಿ... ಹಾಲು."

"ಹಾಲಾ?"

"ಹಾಲೇ ಅತ್ತೆ. ಹಸಿ ಹಾಲಿನ ಗುರುತಿತ್ತು."

ದಿಂಬು ಒಮ್ಮೆ ಸಣ್ಣಗೆ ಕುಲುಕಿತು. ಆಮೇಲೆ "ಹೂಂ. ಮುಂದೆ ಓದಿ," ಎಂದಿತು.

ಆ ಸಂಜೆ ಅಳಿಯಂದ್ರು ಗೋಡೆ ಹಿಡಿದುಕೊಂಡು ನನ್ನ ಮನೆಗೆ ಬಂದರು. ನಾನು ಗಡಿಯಾರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವರನ್ನು ಕೂರಿಸಿ ನೀರು ಕೊಟ್ಟೆ. ಹಿಂದೆಯೇ ಅವರ ಹೆಂಡತಿ ಬಂದರು.

"ಅಮ್ಮನಿಗೆ ನಿಜ ಹೇಳಿಬಿಡಿ ರೀ. ನಿಮ್ಮ ಕೈಲಿ ಆಗಲ್ಲ."

"ಹೇಳಿದ್ರೆ ಓದು ನಿಲ್ಲುತ್ತೆ. ಓದು ನಿಂತ್ರೆ ಅತ್ತೆ ತಲೆ ಎತ್ತುತ್ತಾರೆ. ತಲೆ ಎತ್ತಿದ್ರೆ ಕಣ್ಣು ಹೋಗುತ್ತೆ," ಎಂದರು ಅಳಿಯಂದ್ರು. ಅವರ ಜೀವಮಾನದಲ್ಲಿ ಇಷ್ಟು ಸರಿಯಾಗಿ ಒಂದರ ಹಿಂದೆ ಒಂದು ಮಾತು ಜೋಡಿಸಿದ್ದು ಅದೇ ಮೊದಲು. "ಪುಸ್ತಕ ಮುಗಿಸಿಯೇ ತೀರ್ತೀನಿ. ಬಿದ್ದರೆ ಎದ್ದು ಓದ್ತೀನಿ."

ನಾನು ಓದಲೇ ಎಂದು ಅತ್ತೆಯನ್ನೇ ಹೋಗಿ ಕೇಳಿದೆ. "ಗಡಿಯಾರದವರೇ, ನೀವು 'ಚೆನ್ನಾಗಿದ್ದೀರಾ' ಅಂತ ಕೇಳಿದ್ರೇ ನನಗೆ ನಿದ್ದೆ ಬರುತ್ತೆ," ಎಂದರು. ಮಗಳು ಓದಿದರೆ ಕೋಟೆಯ ಬಾಗಿಲಲ್ಲಿ ಬಸ್ಸು ಬಂದು ನಿಂತ ಹಾಗಾಗುತ್ತದಂತೆ. ಅಂತೂ ಅಳಿಯಂದ್ರಿಗೆ ಬಿಡುಗಡೆಯಿರಲಿಲ್ಲ.

ಉಪಾಯ ಹೊಳೆದದ್ದು ಹೆಂಡತಿಗೆ. ಡೇರಿಯಲ್ಲಿ ಪರೀಕ್ಷೆಯ ಸೀಸೆಗಳಿಗೆ ಅಂಟಿಸುವ ಚಿಕ್ಕ ಚಿಕ್ಕ ಚೀಟಿಗಳಿರುತ್ತವೆ. ಒಂದೊಂದರ ಮೇಲೂ 'ಹಾಲು' ಎಂದು ಅಚ್ಚು. ಮಾಸಿಹೋಗಿ ಬಿಸಾಡಿದ ಅಂಥ ಚೀಟಿಗಳ ಒಂದು ಕಟ್ಟು ಮನೆಯಲ್ಲಿತ್ತು. ಆಕೆ ಪುಸ್ತಕವನ್ನು ಬಸ್ ನಿಲ್ದಾಣಕ್ಕೆ ಒಯ್ದು, ಒಂದು ಬಸ್ಸಿಗೂ ಇನ್ನೊಂದು ಬಸ್ಸಿಗೂ ನಡುವೆ ಸಿಗುವ ಬಿಡುವಿನಲ್ಲಿ, ಆ ದಿನದ ಓದಿನಲ್ಲಿ 'ರಕ್ತ' ಬಂದಲ್ಲೆಲ್ಲ ಚೀಟಿ ಅಂಟಿಸತೊಡಗಿದರು. ಈ ಕೆಲಸದ ಭರದಲ್ಲಿ ಒಂದು ಮಧ್ಯಾಹ್ನ ಮೈಕಿನಲ್ಲಿ, "ಪ್ರಯಾಣಿಕರು ದಯವಿಟ್ಟು ಗಮನಿಸಿ, ಪ್ರಭು ಪೆಟ್ಟಿಗೆಯಿಂದ ಎದ್ದು ಕಿಟಕಿಯತ್ತ ಹೊರಟಿದ್ದಾನೆ," ಎಂದುಬಿಟ್ಟರು. ಐದಾರು ಮಂದಿ ಚೀಲ ಎತ್ತಿಕೊಂಡು ಎದ್ದು ನಿಂತರಂತೆ.

ಹೀಗೆ ಅಳಿಯಂದ್ರು ಕಣ್ಣಿಗೆ ಕಂಡದ್ದನ್ನೇ ಧೈರ್ಯವಾಗಿ ಓದುವಂತಾಯಿತು. ಆದರೆ ಒಂದು ಸುಳ್ಳಿಗೆ ಹತ್ತು ಸುಳ್ಳು ಕಾವಲು ನಿಲ್ಲಬೇಕಾಗುತ್ತದೆ. ಹಾಲು ಕುಡಿಯುವವನು ಶವಪೆಟ್ಟಿಗೆಯಲ್ಲಿ ಮಲಗುವುದೇಕೆ? ಅಳಿಯಂದ್ರು ಅದನ್ನು ಐಸ್ ಪೆಟ್ಟಿಗೆ ಮಾಡಿದರು. ಬಿಸಿಲು ಕಂಡರೆ ಹೆದರುವುದೇಕೆ? ಬಿಸಿಲಿಗೆ ಹಾಲು ಒಡೆಯುತ್ತದೆ. ಬೆಳ್ಳುಳ್ಳಿ ಕಂಡರೆ ಓಡುವುದೇಕೆ? ಪಕ್ಕದಲ್ಲಿ ಬೆಳ್ಳುಳ್ಳಿ ಇಟ್ಟರೆ ಹಾಲಿಗೆ ವಾಸನೆ ಹಿಡಿಯುತ್ತದೆ, ಡೇರಿಯ ಯಾರನ್ನು ಬೇಕಾದರೂ ಕೇಳಿ. ನಿಜ ಹೇಳಬೇಕೆಂದರೆ ನನಗೆ ಮೂಲ ಕಥೆಗಿಂತ ಈ ಕಥೆಯೇ ಹೆಚ್ಚು ನಂಬುವ ಹಾಗೆ ಕಂಡಿತು.

ಗಾಳಿಯಾಡಲೆಂದು ಅತ್ತೆಯ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಮೂರನೆಯ ಸಂಜೆ ಕಟ್ಟಡದ ಕಾರ್ಯದರ್ಶಿ ಗದ್ದಲವಾಗುತ್ತಿದೆ ಎಂದು ತಕರಾರು ಹೇಳಲು ಬಂದರು. ದಪ್ಪ ದೇಹದ ಹೆಂಗಸು; ನೀರಿನ ಟ್ಯಾಂಕಿನ ಬೀಗದ ಕೈ ಸದಾ ಸೊಂಟದಲ್ಲಿ. ಅವರು ಬಂದಾಗ ಪ್ರಭು ಗೋಡೆ ಹತ್ತಿ ಒಬ್ಬ ಹುಡುಗಿಯ ಕಿಟಕಿಯೊಳಗೆ ಇಳಿಯುತ್ತಿದ್ದ. ಕಾರ್ಯದರ್ಶಿ ಬಾಗಿಲಲ್ಲೇ ನಿಂತರು. ಆಮೇಲೆ ಹೊಸ್ತಿಲ ಮೇಲೆ ಕೂತರು. ಮರುದಿನ ಮನೆಯಿಂದ ಮಣೆ ತಂದರು. ಅವರ ಹಿಂದೆ ಮೇಲಿನ ಮನೆಯವರು, ಕೆಳಗಿನ ಮನೆಯವರು, ಅವರ ಮನೆಗೆ ಬಂದ ನೆಂಟರು. ವಾರ ತುಂಬುವ ಹೊತ್ತಿಗೆ ಮೆಟ್ಟಿಲುಗಳ ಮೇಲೂ ಜನ.

"ಬೆಳಿಗ್ಗೆ ಎದ್ದು ನೋಡಿದರೆ," ಎಂದು ಅಳಿಯಂದ್ರು ಓದಿದರು, "ಅವಳ ಕುತ್ತಿಗೆಯ ಮೇಲೆ..." ಇಲ್ಲಿ ಒಂದು ಕ್ಷಣ ತಡವರಿಸಿ, "ಅವಳ ಹಾಲಿನ ಪ್ಯಾಕೆಟ್ಟಿನ ಮೇಲೆ ಎರಡು ಹಲ್ಲಿನ ತೂತು!"

"ಆ ಕಾಲದಲ್ಲಿ ಪ್ಯಾಕೆಟ್ ಇತ್ತಾ?" ಎಂದರು ಕಾರ್ಯದರ್ಶಿ.

"ಶ್ರೀಮಂತರ ಮನೆಯಲ್ಲಿ ಇತ್ತು," ಎಂದರು ಅಳಿಯಂದ್ರು.

ಮರುದಿನ ಬೆಳಿಗ್ಗೆ ನೋಡಿದರೆ ಕಾರ್ಯದರ್ಶಿಯ ಬಾಗಿಲಿಗೆ ನೇತುಹಾಕಿದ್ದ ಹಾಲಿನ ಪ್ಯಾಕೆಟ್ಟಿನಲ್ಲಿ ಎರಡು ತೂತು. ಕೆಳಗಿನ ಮನೆಯ ಬೆಕ್ಕು ವರ್ಷಗಟ್ಟಲೆಯಿಂದ ಈ ಕಟ್ಟಡದಲ್ಲಿ ಇದೇ ಕಸುಬು ಮಾಡಿಕೊಂಡು ಬಂದಿದೆ, ಎಲ್ಲರಿಗೂ ಗೊತ್ತು. ಆದರೆ ಮನುಷ್ಯರು ಒಮ್ಮೆ ಕಥೆ ಕೇಳಿದ ಮೇಲೆ ಬೆಕ್ಕಿನಂಥ ಸಾಧಾರಣ ಉತ್ತರಕ್ಕೆ ಒಪ್ಪುವುದಿಲ್ಲ. ಕಾರ್ಯದರ್ಶಿ ಪ್ಯಾಕೆಟ್ ಹಿಡಿದುಕೊಂಡು ನೇರ ನನ್ನ ಅಂಗಡಿಗೆ ಬಂದರು.

"ಗಡಿಯಾರದವರೇ, ಮೂರನೇ ಮಹಡಿಯ ವಕೀಲರನ್ನ ಸರಿಯಾಗಿ ನೋಡಿದ್ದೀರಾ? ಉದ್ದಕ್ಕಿದ್ದಾರೆ. ಬಿಳಿಚಿಕೊಂಡಿದ್ದಾರೆ. ಮೈಮೇಲೆ ಯಾವಾಗ ನೋಡಿದ್ರೂ ಕಪ್ಪು ಕೋಟು. ಭಾನುವಾರ ಬಿಸಿಲಿಗೆ ಹೊರಗೇ ಬರಲ್ಲ!"

"ಅವರಿಗೆ ಉಷ್ಣ ಆಗಲ್ಲ."

"ಅದನ್ನೇ ನಾನು ಹೇಳ್ತಿರೋದು!"

ಮಧ್ಯಾಹ್ನದೊಳಗೆ ಮಾತು ಎಲ್ಲ ಮಹಡಿಗೂ ಮುಟ್ಟಿತು. ಯಾರೂ ವಕೀಲರ ಎದುರಿಗೆ ಏನೂ ಹೇಳಲಿಲ್ಲ; ಆದರೆ ಪ್ರತಿ ಬಾಗಿಲಿನ ಹಾಲಿನ ಚೀಲದಲ್ಲೂ ಬೆಳ್ಳುಳ್ಳಿಯ ಗಡ್ಡೆಗಳು ಕಾಣಿಸಿಕೊಂಡವು. ನೋಡಲಿಕ್ಕೆ ತಮಾಷೆಯಾಗಿತ್ತು. ಕಾಫಿ ಕುಡಿದಾಗ ತಮಾಷೆ ಇರಲಿಲ್ಲ. ಕಟ್ಟಡದ ಅಷ್ಟೂ ಹಾಲು ಬೆಳ್ಳುಳ್ಳಿ ನಾತ ಹೊಡೆಯಿತು.

ಹಾಲು ಕೆಟ್ಟಿದೆ ಎಂದು ಡೇರಿಗೆ ದೂರು ಹೋಯಿತು. ಒಂದಲ್ಲ, ಮನೆಗೊಂದು. ಡೇರಿಯಲ್ಲಿ ಆ ಹಾಲನ್ನು ಪರೀಕ್ಷೆಗೆಂದು ತಂದು ಯಾರ ಮೇಜಿನ ಮೇಲಿಟ್ಟರು? ನಮ್ಮ ಅಳಿಯಂದ್ರ ಮೇಜಿನ ಮೇಲೆ. ಅವರು ಮೂಸಿ ನೋಡಿ, ತಮ್ಮ ಕಥೆ ಹಾಲಿನ ರೂಪದಲ್ಲಿ ತಮ್ಮನ್ನೇ ಹುಡುಕಿಕೊಂಡು ಬಂದದ್ದನ್ನು ಕಂಡು, ಏನೂ ತೋಚದೆ, 'ಹಾಲು ಚೆನ್ನಾಗಿದೆ, ಗ್ರಾಹಕರು ಸರಿಯಿಲ್ಲ' ಎಂದು ವರದಿ ಬರೆದರು. ವರದಿ ಓದಿದ ಮೇಲಧಿಕಾರಿ ಸ್ವತಃ ವಿಚಾರಣೆಗೆ ಹೊರಟು ಬಂದರು.

ಅಧಿಕಾರಿ ಬಂದದ್ದು ಸಂಜೆ, ಓದು ನಡೆಯುತ್ತಿದ್ದಾಗ. ಎಲ್ಲ ಮನೆಗಳಿಗೂ ಬೀಗ. ಜನವೆಲ್ಲ ಒಂದೇ ಬಾಗಿಲಲ್ಲಿ. ತಮ್ಮ ಇಲಾಖೆಯ ನೌಕರ ಮಧ್ಯದಲ್ಲಿ ಕೂತು ಹಾಲಿನ ವಿಷಯವಾಗಿ ಭಾವಪೂರ್ಣವಾಗಿ ಓದುತ್ತಿದ್ದಾನೆ, ಜನ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಅಧಿಕಾರಿಗೆ ಹೃದಯ ತುಂಬಿ ಬಂತು.

"ಡೇರಿಯ ಪ್ರಚಾರಕ್ಕೆ ಇಷ್ಟು ಶ್ರಮ ಪಡ್ತಿದ್ದೀರಾ? ಒಂದು ಮಾತು ಹೇಳಬಾರದಿತ್ತೇನ್ರೀ?" ಎಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು.

ಅಧಿಕಾರಿ ಬಂದು ಕೂತ ಗಾಬರಿಯೋ, ಹೊಗಳಿಕೆಯ ಅಮಲೋ, ಆ ದಿನ ಅಳಿಯಂದ್ರು ಮುಂದಿನ ಸಾಲನ್ನು ಮೊದಲೇ ನೋಡಿಕೊಳ್ಳುವುದನ್ನು ಮರೆತರು. ಹುಡುಗಿ ದಿನದಿನಕ್ಕೆ ಬಾಡಿ ಹಾಸಿಗೆ ಹಿಡಿದಿದ್ದಳು. ಅವಳನ್ನು ಮದುವೆಯಾಗಬೇಕಿದ್ದ ಯುವಕ ವೈದ್ಯರ ಮುಂದೆ ನಿಂತ. ಅಳಿಯಂದ್ರು ಸ್ವರ ಏರಿಸಿ ಓದಿದರು:

"ಯುವಕನು ಅಂಗಿಯ ತೋಳು ಮೇಲೇರಿಸಿ, 'ವೈದ್ಯರೇ, ನನ್ನ ಮೈಯಲ್ಲಿರುವ ಹಾಲನ್ನೆಲ್ಲ ಅವಳಿಗೆ ಕೊಡುತ್ತೇನೆ, ತೆಗೆದುಕೊಳ್ಳಿ!' ಎಂದನು."

ಕಾರ್ಯದರ್ಶಿ ಮಣೆಯ ಮೇಲೆ ಮುಂದಕ್ಕೆ ಬಾಗಿದರು.

"ಯುವಕನಾ?" ಎಂದರು ಕಾರ್ಯದರ್ಶಿ.

"ಹೌದು, ಯುವಕ."

"ಅವನ ಮೈಯಲ್ಲಿ?"

"ಮನೆಯಲ್ಲಿ ಅಂತ ತಿದ್ಕೊಳ್ಳಿ," ಎಂದರು ಅಳಿಯಂದ್ರು ಬೆವರೊರೆಸಿಕೊಳ್ಳುತ್ತ. "ಅವನು ಹಸು ಸಾಕಿದ್ದ."

"ಹಸು ಸಾಕಿದವನು ತೋಳು ಯಾಕೆ ಮೇಲೇರಿಸಿದ?"

"ಕರೆಯೋಕೆ," ಎಂದರು ಡೇರಿ ಅಧಿಕಾರಿ ಗಂಭೀರವಾಗಿ. "ತೋಳು ಮಡಿಸದೇ ಕರೆಯೋಕಾಗಲ್ಲ."

ಮಂಚದ ಮೇಲೆ ಅತ್ತೆಯ ಭುಜಗಳು ಕುಲುಕತೊಡಗಿದವು. ದಿಂಬಿನಿಂದ ಉಸಿರುಕಟ್ಟಿದಂಥ ಸದ್ದು. ಮಗಳು ಓಡಿಬಂದು ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಅಮ್ಮ, ಅಲುಗಾಡಬೇಡ, ಗುಳ್ಳೆ, ಗುಳ್ಳೆ!" ಎಂದು ಕೂಗಿದರು. ನೋವಿನಿಂದಲೋ ಏನೋ ಎಂದು ನಾವೆಲ್ಲ ಹೆದರಿದೆವು. ಅಳಿಯಂದ್ರು ಅಂದಿನ ಓದನ್ನು ಅಲ್ಲಿಗೇ ನಿಲ್ಲಿಸಿದರು. ಆದರೂ ಬಾಗಿಲವರೆಗೆ ಬಂದು ನನ್ನೊಡನೆ, "ಇನ್ನು ಮೂರೇ ದಿನ. ಮುಗಿಸಿಯೇ ಬಿಡ್ತೀನಿ," ಎಂದರು. ಆ ಮನುಷ್ಯನ ಮೇಲೆ ನನಗೆ ಅಂದು ನಿಜವಾದ ಗೌರವ ಹುಟ್ಟಿತು.

ಕೊನೆಯ ಅಧ್ಯಾಯದ ದಿನ ಬಂತು. ಅಂದು ಬಸ್ ನಿಲ್ದಾಣದಲ್ಲಿ ವಿಪರೀತ ನೂಕುನುಗ್ಗಲು. ಮೈಕಿನ ಮುಂದಿನಿಂದ ಏಳುವ ಹಾಗಿಲ್ಲದ್ದರಿಂದ ಹೆಂಡತಿಗೆ ಚೀಟಿ ಅಂಟಿಸಲು ಬಿಡುವೇ ಸಿಗಲಿಲ್ಲ. ಓಡೋಡಿ ಬಂದು ಪುಸ್ತಕ ಕೈಗಿಡುತ್ತ ಗಂಡನ ಕಿವಿಯಲ್ಲಿ ಹೇಳಿದರು. ಅಳಿಯಂದ್ರು ಒಮ್ಮೆ ಕಣ್ಣು ಮುಚ್ಚಿ ತೆರೆದು ಕುರ್ಚಿಯ ಮೇಲೆ ಕೂತರು. ಜನ ಕಿಕ್ಕಿರಿದಿದ್ದರು. ಇಷ್ಟು ದಿನ ಬಾರದಿದ್ದ ವಕೀಲರೂ ಅಂದು ಕಪ್ಪು ಕೋಟಿನಲ್ಲೇ ಬಂದು ಗೋಡೆಗೊರಗಿ ನಿಂತರು. ಅವರ ಅಕ್ಕಪಕ್ಕ ಯಾರೂ ಕೂರಲಿಲ್ಲ.

"ವೈದ್ಯರೂ ಯುವಕನೂ ನೆಲಮಾಳಿಗೆಗೆ ಇಳಿದರು. ಐಸ್ ಪೆಟ್ಟಿಗೆಯಲ್ಲಿ ಪ್ರಭು ನಿದ್ರಿಸುತ್ತಿದ್ದನು. ವೈದ್ಯರು ಚೂಪಾದ ಮರದ ಗೂಟವನ್ನು ಅವನ ಎದೆಯ ಮೇಲಿಟ್ಟು ಸುತ್ತಿಗೆ ಎತ್ತಿದರು..."

"ತಡೀರಿ!" ಎಂದರು ವಕೀಲರು.

ಎಲ್ಲರೂ ತಿರುಗಿ ನೋಡಿದರು.

"ಇವನು ಮಾಡಿದ ಅಪರಾಧ ಏನು?"

"ಹಾಲು ಕದ್ದು ಕುಡಿದ," ಎಂದರು ಕಾರ್ಯದರ್ಶಿ.

"ಹಾಲು ಕುಡಿದದ್ದಕ್ಕೆ ಎದೆಗೆ ಗೂಟವಾ? ಯಾವ ಕಾನೂನಲ್ಲಿದೆ? ಹೆಚ್ಚಂದ್ರೆ ಸಣ್ಣ ಕಳ್ಳತನ. ದಂಡ ಹಾಕಿ ಬಿಡಬೇಕು. ಅದೂ ಮಲಗಿದವನನ್ನ! ವಿಚಾರಣೆ ಇಲ್ಲದೆ!"

"ದಿನಾ ಬೆಳಿಗ್ಗೆ ನಿಮ್ಮ ಪ್ಯಾಕೆಟ್ ತೂತಾಗಿದ್ರೆ ಗೊತ್ತಾಗ್ತಿತ್ತು ನಿಮಗೆ!"

"ಅಂದ್ರೆ? ನನಗೂ ಗೂಟ ಹೊಡೀತೀರೇನು?"

"ನಿಮ್ಮ ಹೆಸರು ಯಾರ್ರೀ ತೆಗೆದ್ರು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ!"

"ಶಾಂತಿ, ಶಾಂತಿ," ಎಂದರು ಡೇರಿ ಅಧಿಕಾರಿ ಎದ್ದು ನಿಂತು. "ಇಲಾಖೆಯ ಪರವಾಗಿ ಒಂದು ಮಾತು. ನೂರಾರು ವರ್ಷದಿಂದ ಒಂದು ದಿನವೂ ತಪ್ಪದೆ ಹಾಲು ಕುಡಿದ ಗ್ರಾಹಕ ಇವನು. ಇಂಥವನನ್ನ ಕೊಲ್ಲೋದು ನ್ಯಾಯವಲ್ಲ."

ಸಭೆ ಎರಡು ಪಾಲಾಯಿತು. ಮೆಟ್ಟಿಲ ಮೇಲಿನವರೆಲ್ಲ ಪ್ರಭುವಿನ ಪರ, ಕೋಣೆಯೊಳಗಿನವರೆಲ್ಲ ಗೂಟದ ಪರ. ಅಳಿಯಂದ್ರು ಓದಲು ಬಾಯಿ ತೆರೆದರೆ ಒಂದು ಪಕ್ಷ, ಮುಚ್ಚಿದರೆ ಇನ್ನೊಂದು ಪಕ್ಷ ಕೂಗುತ್ತಿತ್ತು.

"ಬಾಯಿ ಮುಚ್ಚಿ ಎಲ್ಲರೂ!"

ಅದು ದಿಂಬಿ‍ನೊಳಗಿನಿಂದ ಬಂದ ಥಿಯೇಟರಿನ ಸ್ವರ. ಕಟ್ಟಡವೇ ಸ್ತಬ್ಧವಾಯಿತು.

"ಅಳಿಯಂದ್ರೇ," ಎಂದರು ಅತ್ತೆ. "ಈ ಪುಸ್ತಕ ಅರ್ಧ ನಾನು ಮೊದಲೇ ಓದಿದ್ದೆ. ಅಲ್ಲೀವರೆಗೆ ನೀವು ಹಾಲು ಅಂದಾಗಲೆಲ್ಲ ಮನಸ್ಸಲ್ಲೇ ತಿದ್ಕೊಂಡು ನಕ್ಕೊಂಡೆ. ಆಮೇಲಿಂದು ಅಂದಾಜಿನ ಮೇಲೆ ನಡೀತು. ಈಗ ಬಂದಿರೋದು ಕೊನೆ. ಇದಕ್ಕಾಗಿ ನಾನು ಎರಡು ವಾರ ನೆಲ ನೋಡ್ಕೊಂಡು ಬಿದ್ದಿದ್ದೀನಿ. ಅಲ್ಲಿ ಏನು ಬರೆದಿದೆಯೋ ಅದೇ ಬೇಕು ನನಗೆ. ನೀವು ಓದ್ತೀರೋ, ನಾನು ಏಳಲೋ?"

ಹಾಗೆಂದು ಎರಡೂ ಅಂಗೈಗಳನ್ನು ಹಾಸಿಗೆಗೆ ಊರಿದರು. ಮೊಣಕೈಗಳು ನೆಟ್ಟಗಾದವು. ಭುಜ ಮೇಲೆದ್ದಿತು. ಬಿಳಿಯ ಪಟ್ಟಿ ಕಟ್ಟಿದ ತಲೆ ದಿಂಬಿನಿಂದ ಮೇಲೇಳುತ್ತಿತ್ತು. ಮಗಳು "ಅಮ್ಮಾ!" ಎಂದು ಚೀರಿದರು.

"ರಕ್ತ!" ಎಂದು ಕಿರುಚಿದರು ಅಳಿಯಂದ್ರು.

ತಲೆ ಅಲ್ಲೇ ನಿಂತಿತು.

"ರಕ್ತ, ಅತ್ತೆ! ಮೊದಲಿಂದ ಕೊನೇವರೆಗೂ ರಕ್ತ! ಒಂದು ತೊಟ್ಟು ಹಾಲಿಲ್ಲ! ದಯವಿಟ್ಟು ಮಲಗಿ, ನಾನು ಓದ್ತೀನಿ, ಎಲ್ಲಾ ಓದ್ತೀನಿ!"

"ಒಂದು ತೊಟ್ಟೂ ಇಲ್ವಾ?" ಎಂದರು ಡೇರಿ ಅಧಿಕಾರಿ. ಪಾಪ, ಅವರ ಮುಖ ನೋಡಲಾಗುತ್ತಿರಲಿಲ್ಲ.

ಅತ್ತೆಯ ತಲೆ ನಿಧಾನವಾಗಿ ದಿಂಬಿಗೆ ಇಳಿಯಿತು. ಅಳಿಯಂದ್ರು ಕುರ್ಚಿಯಲ್ಲಿ ಓಲಾಡುತ್ತಿದ್ದರು.

"ಬೆವರ್ತಿದೆಯಾ?" ಎಂದು ಕೇಳಿತು ದಿಂಬು.

"ಹೂಂ."

"ಕಿವಿ ಗುಂಯ್ ಅಂತಿದೆಯಾ?"

"ಹೂಂ."

"ಬೀಳೋಕೆ ಮುಂಚೆ ನೀವೇ ನೆಲದ ಮೇಲೆ ಅಂಗಾತ ಮಲಗಿ. ವಕೀಲರೇ, ಇವರ ಎರಡೂ ಕಾಲು ಮೇಲೆತ್ತಿ ಹಿಡ್ಕೊಳ್ಳಿ. ಇನ್ನೂ ಮೇಲೆ. ಯಾರಾದ್ರೂ ಬೀಸಣಿಗೆ ತನ್ನಿ." ಒಂದು ಕ್ಷಣ ಬಿಟ್ಟು ಅತ್ತೆಯ ಸ್ವರ ಇಳಿಯಿತು. "ಥಿಯೇಟರಲ್ಲಿ ಎಂಥೆಂಥ ಗಂಡಸರು ಬಿದ್ದದ್ದು ನೋಡಿದ್ದೀನಿ. ಇದನ್ನ ನನ್ನಿಂದ ಮುಚ್ಚಿಡೋದು ಏನಿತ್ತು? ಈಗ ಓದಿ. ಉಸಿರು ಉದ್ದಕ್ಕೆ ತಗೊಂಡು ಓದಿ."

ಆ ದೃಶ್ಯವನ್ನು ನೀವು ನೋಡಬೇಕಿತ್ತು. ಮಂಚದ ಅಂಚಿನಲ್ಲಿ ಅತ್ತೆ ಬೋರಲು, ಕೆಳಗೆ ನೆಲದ ಮೇಲೆ ಅಳಿಯ ಅಂಗಾತ. ಅಳಿಯನ ಕಾಲುಗಳು ಕಪ್ಪು ಕೋಟಿನ ವಕೀಲರ ಹೆಗಲ ಮೇಲೆ. ಕಾರ್ಯದರ್ಶಿ ಬೀಸಣಿಗೆ ಬೀಸುತ್ತಿದ್ದರು. ಅಳಿಯಂದ್ರು ಪುಸ್ತಕವನ್ನು ಮುಖದ ಮೇಲೆ ಎತ್ತಿ ಹಿಡಿದು ಓದಿದರು. ಗೂಟ ಇಳಿಯಿತು, ರಕ್ತ ಚಿಮ್ಮಿತು. ಅವರು "ರಕ್ತ" ಎಂದೇ ಓದಿದರು. ಪ್ರತಿ ಸಲ ಆ ಶಬ್ದ ಬಂದಾಗಲೂ ಸ್ವರ ಸಣ್ಣದಾಗುತ್ತಿತ್ತು, ಪುಸ್ತಕ ಕೆಳಗಿಳಿಯುತ್ತಿತ್ತು. "ಕಾಲು ಇನ್ನೂ ಮೇಲೆ!" ಎಂದು ಅತ್ತೆ ಹೇಳುತ್ತಿದ್ದರು, ವಕೀಲರು ಎತ್ತುತ್ತಿದ್ದರು, ಪುಸ್ತಕವೂ ಮೇಲೇರುತ್ತಿತ್ತು. ಹೀಗೆ ಒಂದು ಸಾಲನ್ನೂ ಬಿಡದೆ, ಒಂದು ಶಬ್ದವನ್ನೂ ಬದಲಿಸದೆ, ಅಳಿಯಂದ್ರು ಕೊನೆಯ ಪುಟ ಮುಟ್ಟಿದರು. ಕೋಟೆಯ ಮೇಲೆ ಬೆಳಗಾಯಿತು.

"ಮುಗೀತಾ?" ಎಂದರು ಅತ್ತೆ.

"ಮುಗೀತು ಅತ್ತೆ."

"ಚೆನ್ನಾಗಿ ಓದಿದ್ರಿ."

ಅಳಿಯಂದ್ರ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಅಂಗಾತ ಮಲಗಿದವರಿಗೆ ಆಗುವುದೇ ಹಾಗೆ. ವಕೀಲರ ಕಾಲು ಮರಗಟ್ಟಿ ಅವರನ್ನೇ ಹಿಡಿದು ಕೂರಿಸಬೇಕಾಯಿತು. ಕಾರ್ಯದರ್ಶಿಯೇ ಅವರಿಗೆ ನೀರು ತಂದುಕೊಟ್ಟರು.

ಕಣ್ಣಿನೊಳಗಿನ ಗುಳ್ಳೆ ಕರಗಲು ಇನ್ನೂ ಕೆಲವು ವಾರ ಹಿಡಿಯಿತು. ಅಷ್ಟು ದಿನವೂ ಮನೆಯಲ್ಲಿ ಯಾರೂ ಅದರ ಬಗ್ಗೆ ಜೋರಾಗಿ ಮಾತಾಡಲಿಲ್ಲ. ದೃಷ್ಟಿ ಮರಳಿದೆಯೋ ಇಲ್ಲವೋ ಎಂದು ನೋಡುವ ದಿನ ನಾವೆಲ್ಲ ಒಟ್ಟಿಗೇ ಆಸ್ಪತ್ರೆಗೆ ಹೋದೆವು. ಅಳಿಯಂದ್ರು ದಾರಿಯುದ್ದಕ್ಕೂ ಬಹಳ ಹುರುಪಿನಲ್ಲಿದ್ದರು.

"ಈಗ ನನಗೆ ಅದು ಏನೂ ಅನ್ಸಲ್ಲ ಗಡಿಯಾರದವರೇ," ಎಂದರು ನನ್ನೊಡನೆ. "ಒಂದು ಅಧ್ಯಾಯವೇ ಓದಿ ಹಾಕಿದವನು ನಾನು. ಒಂದು ಬಕೆಟ್ ತಂದು ಮುಂದಿಟ್ಟರೂ ಕಣ್ಣು ಮಿಟುಕಿಸಲ್ಲ."

ಡಾಕ್ಟರು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಬಿಚ್ಚಿದರು. ಅತ್ತೆ ಕಣ್ಣು ತೆರೆಯಲಿಲ್ಲ. ರೆಪ್ಪೆ ಅದುರುತ್ತಿತ್ತು. ಅಷ್ಟು ಗಟ್ಟಿ ಹೆಂಗಸು ಮಗಳ ಕೈ ಹುಡುಕಿ ಹಿಡಿದುಕೊಂಡದ್ದನ್ನು ನೋಡಿ ನನಗೆ ಕಷ್ಟವಾಯಿತು. ಅಷ್ಟರಲ್ಲಿ ಆಸ್ಪತ್ರೆಯ ಹುಡುಗಿಯೊಬ್ಬಳು ಬಂದು, ಸಕ್ಕರೆ ಅಂಶ ನೋಡಲೆಂದು ಅತ್ತೆಯ ಇನ್ನೊಂದು ಕೈಯ ಬೆರಳಿಗೆ ಸೂಜಿ ಚುಚ್ಚಿ ಒಂದೇ ಒಂದು ಹನಿ ಹಿಂಡಿದಳು.

"ಈಗ ನಿಧಾನಕ್ಕೆ ಕಣ್ಣು ಬಿಡಿ," ಎಂದರು ಡಾಕ್ಟರು. "ಎದುರಿನ ಗೋಡೆ ನೋಡಿ. ಮೇಲಿನ ದೊಡ್ಡ ಅಕ್ಷರ ಕಾಣುತ್ತಾ?"

ಬಾಗಿಲ ಹತ್ತಿರ ಧಡ್ ಎಂದು ಸದ್ದಾಯಿತು.

ಅತ್ತೆ ಕಣ್ಣು ತೆರೆದು ಸದ್ದು ಬಂದ ಕಡೆಗೆ ತಿರುಗಿದರು. ರೆಪ್ಪೆ ಎರಡು ಸಲ ಬಡಿದುಕೊಂಡಿತು.

"ಅಕ್ಷರ ಆಮೇಲೆ ಇರಲಿ ಡಾಕ್ಟ್ರೇ," ಎಂದರು. "ಅಲ್ಲಿ ನನ್ನ ಅಳಿಯ ಬಿದ್ದಿದ್ದಾರೆ. ತುಟಿ ಬಿಳಿಚಿಕೊಂಡಿದೆ. ಹಣೆ ಮೇಲೆ ಬೆವರು ಹನಿ ಹನಿಯಾಗಿ ನಿಂತಿದೆ. ಅಂಗಿ ಗುಂಡಿ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಹಾಕ್ಕೊಂಡಿದ್ದಾರೆ. ಯಾರಾದ್ರೂ ಬೇಗ ಕಾಲೆತ್ತಿ ಹಿಡೀರಿ."

ಡಾಕ್ಟರು ಬಾಗಿಲ ಕಡೆ ನೋಡಿದರು. ಅತ್ತೆಯ ಕಡೆ ನೋಡಿದರು. ಆಮೇಲೆ ಗೋಡೆಯ ಮೇಲಿನ ಅಕ್ಷರಗಳ ದೀಪವನ್ನು ಆರಿಸಿದರು.